ಹನ್ನೊಂದೂವರೆ ಸುತ್ತು

ಆ ಬೀದಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಹನ್ನೊಂದೂವರೆ ಹೊಡೆಯುತ್ತಿತ್ತು. ಪಂಪ್‌ಹೌಸಿನ ಒಳಗಿಂದ ಗಂಡಸಿನ ದನಿಯೊಂದು ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತಿತ್ತು. ಹನ್ನೊಂದಕ್ಕೆ ಬಂದು ಒಂದು ಉಸಿರಿನಷ್ಟು ನಿಲ್ಲುತ್ತಿತ್ತು. ಆಮೇಲೆ 'ಹನ್ನೊಂದೂವರೆ!' ಎಂದು ಗಟ್ಟಿಯಾಗಿ ಮುಗಿಸುತ್ತಿತ್ತು. ಅದರ ಬೆನ್ನಿಗೇ ಕಬ್ಬಿಣದ ಕೊಳವೆಯೊಳಗೆ ಒಂದು ಕೀರಲು ಎದ್ದು, ಸಂಜೆ ಐದರವರೆಗೆ ಬೀದಿಯ ತಲೆಯ ಮೇಲೆ ಕೂತುಬಿಡುತ್ತಿತ್ತು. ಇಪ್ಪತ್ತೊಂಬತ್ತು ವರ್ಷಗಳಿಂದ ಹೀಗೇ. ಪಂಪು ನಡೆಸುವವನಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯ ಪಾಲಿಗೆ ಅವನು ಹನ್ನೊಂದೂವರೆ.

ಲೆಕ್ಕಕ್ಕೆ ಕಾರಣವಿತ್ತು. ಪಂಪಿನ ಬಾಯಿಗೆ ಒಂದು ದೊಡ್ಡ ವಾಲ್ವು, ಅದಕ್ಕೆ ಎರಡು ಕೈಯಲ್ಲಿ ಹಿಡಿದು ತಿರುಗಿಸುವ ಚಕ್ರ. ಪೂರ್ತಿ ಮುಚ್ಚಿದಲ್ಲಿಂದ ಪೂರ್ತಿ ತೆರೆಯಲು ಇಪ್ಪತ್ನಾಲ್ಕು ಸುತ್ತು. ಆದರೆ ಎಷ್ಟು ತೆರೆದಿದೆ ಎಂದು ಹೊರಗಿಂದ ನೋಡಿದರೆ ತಿಳಿಯುವುದಿಲ್ಲ. ಚಕ್ರ ಎಲ್ಲಿ ನಿಂತರೂ ಒಂದೇ ಥರ ಕಾಣುತ್ತದೆ. ಎಣಿಸಿದವನಿಗೆ ಮಾತ್ರ ಗೊತ್ತು. ಬಟ್ಟೆ ಗಿರಣಿಗೂ ನೀರು ಬೇಕಾಗುತ್ತದೆಂದು ಆ ಕಾಲದವರು ಐವತ್ತು ಕುದುರೆ ಶಕ್ತಿಯ ಮೋಟಾರು ತಂದು ಕೂರಿಸಿದ್ದರು. ಗಿರಣಿ ಬರಲೇ ಇಲ್ಲ. ಬೆಳೆಯುವ ಮಗುವಿಗೆಂದು ದೊಡ್ಡ ಅಂಗಿ ಹೊಲಿಸಿಟ್ಟರೆ ಮಗು ಬೆಳೆಯಲೇ ಇಲ್ಲ ಎಂಬಂತಾಯಿತು. ಹಾಗಾಗಿ ಮೋಟಾರನ್ನು ಪೂರ್ತಿ ಜೋರಿನಲ್ಲಿ ಓಡಲು ಬಿಟ್ಟು, ವಾಲ್ವನ್ನು ಅರ್ಧ ಮುಚ್ಚಿ ನೀರನ್ನು ತಡೆಯುವುದು ರೂಢಿಯಾಯಿತು. ದಿನಾ ಬೆಳಿಗ್ಗೆ ಮೊದಲು ವಾಲ್ವು ಪೂರ್ತಿ ಮುಚ್ಚಿ ಮೋಟಾರು ಶುರುಮಾಡಬೇಕು, ಆಮೇಲೆ ಹನ್ನೊಂದೂವರೆ ಸುತ್ತು ತೆರೆಯಬೇಕು. ಹೆಚ್ಚಾದರೆ ಮೋಟಾರು ಬಿಸಿಯೇರುತ್ತದೆ, ಕಡಿಮೆಯಾದರೆ ಊರಾಚೆಯ ತೊಟ್ಟಿ ಸಂಜೆಯೊಳಗೆ ತುಂಬುವುದಿಲ್ಲ.

"ಬಾಯಲ್ಲಿ ಹೇಳದ ಲೆಕ್ಕ ಕೈ ಮರೀತದೆ ಕಣೋ, ಕೂಗಿ ಹೇಳು," ಎಂದು ಕೆಲಸ ಕಲಿಸಿದ ಹಿರಿಯ ಮೊದಲ ದಿನವೇ ಹೇಳಿದ್ದ. ಅವನು ಸತ್ತು ಎಷ್ಟೋ ವರ್ಷವಾದರೂ ಹನ್ನೊಂದೂವರೆ ಕೂಗುವುದನ್ನು ಬಿಟ್ಟಿರಲಿಲ್ಲ.

ಅವನ ಮನೆ ಪಂಪ್‌ಹೌಸಿಗೆ ಅಂಟಿಕೊಂಡೇ ಇತ್ತು. ಗೋಡೆ ಒಂದೇ. ಆ ಕೀರಲಿನ ಮೇಲೆ ಕೇಳಬೇಕಾದ್ದರಿಂದ ಗಂಡ ಹೆಂಡತಿ ಇಬ್ಬರೂ ಹಗಲೆಲ್ಲ ಕೂಗಿಯೇ ಮಾತಾಡುತ್ತಿದ್ದರು, ಸಂಜೆ ಪಂಪು ನಿಂತ ಮೇಲೂ ದನಿ ಇಳಿಯುತ್ತಿರಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ಫೋನಿನಲ್ಲಿ, "ಅಪ್ಪಾ, ಮೆಲ್ಲಗೆ ಮಾತಾಡು. ನಾವು ಜಗಳ ಆಡ್ತಿದೀವಿ ಅಂತ ನಮ್ಮತ್ತೆ ಬಾಗಿಲ ಹತ್ರ ಬಂದು ನಿಂತಿದಾರೆ," ಎನ್ನುತ್ತಿದ್ದಳು. ಹೆಂಡತಿ ಪಿಸುಗುಟ್ಟಿದರೆ ಹೇಗಿರುತ್ತದೆ ಎಂಬುದು ಅವನಿಗೆ ಮರೆತೇಹೋಗಿತ್ತು. ಮರೆತಿದೆ ಎಂಬುದೂ ಗೊತ್ತಿರಲಿಲ್ಲ.

ಹೀಗಿರುವಾಗ ಇಂಜಿನಿಯರಮ್ಮ ಬಂದಳು. ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ನೀರಿನ ಇಲಾಖೆಯವರು ಪಂಪ್‌ಹೌಸಿನ ಪಕ್ಕದ ನೆಲತೊಟ್ಟಿಯ ಚಾವಣಿಯ ಮೇಲೆ ಸೋಲಾರ್ ಹಲಗೆಗಳನ್ನು ಹಾಸಿ ಎರಡು ತಿಂಗಳಾಗಿತ್ತು. ಬಿಸಿಲು ಚೆನ್ನಾಗಿದ್ದರೆ ಅವು ಇಪ್ಪತ್ತು ಕಿಲೋವಾಟ್ ಕೊಡುತ್ತಿದ್ದವು. ಮೋಟಾರು ಕೇಳುತ್ತಿದ್ದುದು ಮೂವತ್ನಾಲ್ಕು. ಉಳಿದದ್ದು ಕರೆಂಟಿನ ಲೈನಿನಿಂದ ಬರಬೇಕು, ಲೈನು ಹೋದರೆ ಪಕ್ಕದ ಶೆಡ್ಡಿನ ಡೀಸೆಲ್ ಜನರೇಟರು ಹೊಗೆಯುಗುಳಬೇಕು. ಇಪ್ಪತ್ತರೊಳಗೆ ನಡೆಸಲು ಸಾಧ್ಯವೇ ನೋಡಲು ಅವಳನ್ನು ಕಳಿಸಿದ್ದರು.

ಅವಳು ತಂದದ್ದು ಬೂದುಬಣ್ಣದ ಒಂದು ಪೆಟ್ಟಿಗೆ. ಹೆಸರು ಡ್ರೈವ್. ಗೋಡೆಗೆ ಬಿಗಿದರೆ ಊಟದ ಕೋಣೆಯ ಕಪಾಟಿನಷ್ಟು.

"ಇಷ್ಟು ದಿನ ನಿಮ್ಮ ಮೋಟಾರಿಗೆ ಎರಡೇ ಮಾತು ಗೊತ್ತಿತ್ತು ಅಣ್ಣಾ. ಓಡು, ನಿಲ್ಲು. ಇದು ಮಧ್ಯದ ಮಾತೆಲ್ಲ ಕಲಿಸುತ್ತೆ. ನೀರು ಎಷ್ಟು ಬೇಕೋ ಅಷ್ಟು ಹೋಗೋ ಹಾಗೆ ವೇಗಾನ ತಾನೇ ಹೆಚ್ಚು ಕಡಿಮೆ ಮಾಡ್ಕೊಳ್ಳುತ್ತೆ."

"ಮತ್ತೆ ವಾಲ್ವು?"

"ಪೂರ್ತಿ ತೆರೆದಿಟ್ಟು ಮರೆತುಬಿಡೋದು. ಈಗ ಮೋಟಾರು ತಳ್ಳುತ್ತೆ, ವಾಲ್ವು ಅಡ್ಡ ನಿಂತು ತಡೆಯುತ್ತೆ."

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು," ಎಂದ ಡೀಸೆಲ್ ಮೇಸ್ತ್ರಿ, ಬಾಗಿಲಿಗೆ ಒರಗಿಕೊಂಡು. ಜನರೇಟರು ಅವನ ಸುಪರ್ದಿನಲ್ಲಿತ್ತು. ಹನ್ನೊಂದೂವರೆಗೆ ಅವನು ಇಪ್ಪತ್ತೇಳು ವರ್ಷದ ಗೆಳೆಯ, ಅಷ್ಟೇ ವರ್ಷದ ಪೀಡೆ.

"ಹಾಗೇ! ಆ ಕೀರಲು ಕೇಳ್ತೀರಲ್ಲ, ಅದು ಪೋಲಾಗ್ತಿರೋ ಕರೆಂಟಿನ ದನಿ." ಅವಳು ಸೀಮೆಸುಣ್ಣದಿಂದ ನೆಲದ ಮೇಲೆ ಐದು ಗೆರೆ ಎಳೆದು ಒಂದನ್ನು ಅಳಿಸಿದಳು. "ವೇಗದಲ್ಲಿ ಐದರಲ್ಲಿ ಒಂದು ಪಾಲು ಇಳಿಸಿದ್ರೆ ಕರೆಂಟು ಎಷ್ಟು ಇಳಿಯುತ್ತೆ, ಹೇಳಿ."

"ಐದರಲ್ಲಿ ಒಂದು."

"ಹೆಚ್ಚೂಕಡಿಮೆ ಅರ್ಧ."

"ಅದ್ಯಾವ ನ್ಯಾಯ ಮೇಡಂ?"

"ನಿಮ್ಮ ತೊಟ್ಟಿ ಎತ್ತರದಲ್ಲಿಲ್ಲ, ದೂರದಲ್ಲಿದೆ. ನೀರು ಅಲ್ಲಿಗೆ ಹತ್ತಲ್ಲ, ನಡೆಯುತ್ತೆ. ಹಾಗೆ ನಡೆಯೋ ನೀರನ್ನ ಎರಡು ಪಟ್ಟು ಜೋರಾಗಿ ಓಡಿಸೋಕೆ ಹೋದ್ರೆ ಎಂಟು ಪಟ್ಟು ಶಕ್ತಿ ಕೇಳುತ್ತೆ. ಅವಸರ ಮಾಡಿದವ್ರಿಗೆ ಅದು ದಂಡ ಹಾಕುತ್ತೆ. ನಿಧಾನ ಮಾಡಿದವ್ರಿಗೆ ಹಾಗೇ ಬಿಟ್ಟುಕೊಡುತ್ತೆ."

ಆ ಮಾತು ಅವನೊಳಗೆ ಎಲ್ಲೋ ಹೋಗಿ ಕೂತಿತು. ಸಂಜೆ ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಇಷ್ಟು ವರ್ಷ ಕೈಯ ಕೆಳಗೇ ಹರಿದ ನೀರಿಗೆ ಇಂಥದೊಂದು ಗುಣವಿದೆ ಎಂದು ತನಗೆ ತಿಳಿಯದೇ ಹೋಯಿತಲ್ಲ. ಕೇಳಿದ್ದರೆ ಅದು ಹೇಳುತ್ತಿತ್ತೋ ಏನೋ. ಆ ಗಲಾಟೆಯಲ್ಲಿ ಕೇಳುವುದಾದರೂ ಹೇಗೆ?

ಪರೀಕ್ಷೆಗೆ ಮೂರು ದಿನ ಗೊತ್ತಾಯಿತು. ಮೂರನೆಯ ದಿನ ಮಧ್ಯಾಹ್ನ ದೊಡ್ಡ ಸಾಹೇಬರು ಬಂದು ಅಂಕಿ ನೋಡುವುದು. ಇಪ್ಪತ್ತರೊಳಗೆ ಬಂದರೆ ಈ ಮೋಟಾರು ಇಲ್ಲೇ ಉಳಿಯುತ್ತದೆ, ಹಗಲಿಡೀ ಬಿಸಿಲಿನಲ್ಲೇ ಓಡುತ್ತದೆ. ಬಾರದಿದ್ದರೆ ಪಂಪ್‌ಹೌಸಿಗೆ ಬೀಗ, ಊರಾಚೆಯ ದೊಡ್ಡ ಕೇಂದ್ರದಿಂದ ನೀರು, ಮೋಟಾರು ಗುಜರಿಗೆ. ಪರೀಕ್ಷೆ ಶುರುವಾಗುವ ಹಿಂದಿನ ಸಂಜೆ ಇಂಜಿನಿಯರಮ್ಮ ತಾನೇ ಚಕ್ರ ಹಿಡಿದು, ಅವನ ಕಣ್ಣೆದುರೇ, ವಾಲ್ವನ್ನು ಇಪ್ಪತ್ನಾಲ್ಕೂ ಸುತ್ತು ತೆರೆದಳು. "ಇನ್ನು ಇದನ್ನ ಮುಟ್ಟಬೇಡಿ ಅಣ್ಣಾ. ಬೆಳಿಗ್ಗೆ ಹಸಿರು ಗುಂಡಿ ಒತ್ತಿ, ಅಷ್ಟೇ," ಎಂದಳು.

"ಆಯ್ತು ಮೇಡಂ," ಎಂದ. ಮನಸ್ಸಿನಿಂದಲೇ ಅಂದ.

ಮೊದಲ ದಿನ ಒಂಬತ್ತಕ್ಕೆ ಅವಳು ಬಂದಾಗ ಡ್ರೈವಿನ ಪುಟ್ಟ ಪರದೆಯ ಮೇಲೆ ವೇಗದ ಅಂಕಿ ನಲವತ್ತೊಂಬತ್ತು. ಐವತ್ತು ಎಂದರೆ ಪೂರ್ತಿ. ಕರೆಂಟು ಮೂವತ್ನಾಲ್ಕು. ಕೀರಲು ಹಾಗೇ ಇತ್ತು. ಅವಳು ಪರದೆಯನ್ನು ಬೆರಳಿನಿಂದ ತಟ್ಟಿದಳು, ತಂತಿಗಳನ್ನು ನೋಡಿದಳು, ನೀರಿನ ಮೀಟರನ್ನು ನೋಡಿದಳು. ನೀರು ಬೇಕಾದಷ್ಟೇ ಹೋಗುತ್ತಿತ್ತು. ಅಷ್ಟನ್ನು ಕಳಿಸಲು ಡ್ರೈವು ಮೋಟಾರನ್ನು ಹಿಂದಿನಷ್ಟೇ ಜೋರಾಗಿ ಓಡಿಸುತ್ತಿತ್ತು.

ಎರಡನೆಯ ದಿನವೂ ಅದೇ. ಹನ್ನೊಂದೂವರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು, ವೈದ್ಯರು ಎದೆ ನೋಡುವ ಹಾಗೆ ಕಣ್ಣುಮುಚ್ಚಿ ಕೇಳಿದ. "ಬೇರಿಂಗು ಬೆಣ್ಣೆ ಇದ್ದಹಾಗಿದೆ ಮೇಡಂ. ನನ್ನ ಮೋಟಾರಿಗೆ ಏನೂ ಆಗಿಲ್ಲ."

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದ ಡೀಸೆಲ್ ಮೇಸ್ತ್ರಿ. "ಮುದಿ ಮೋಟಾರಿಗೆ ಹೊಸ ಪೆಟ್ಟಿಗೆ ಕಟ್ಟಿದ್ರೆ ಪ್ರಾಯ ಬರುತ್ತಾ?"

"ನಿನಗೇನಪ್ಪ, ಇದು ಸೋತ್ರೆ ನಿನ್ನ ಹೊಗೆಗೂಡು ಉಳಿಯುತ್ತೆ. ನೀನೇ ಏನಾದ್ರೂ ಕೈಯಾಡ್ಸಿದೀಯೋ ಏನೋ!"

ತಮಾಷೆಗೆ ಶುರುವಾದ ಮಾತು ತಮಾಷೆಯಲ್ಲಿ ಮುಗಿಯಲಿಲ್ಲ. ಇಂಜಿನಿಯರಮ್ಮ ತಲೆಯೆತ್ತಿ ಮೇಸ್ತ್ರಿಯನ್ನು ನೋಡಿದಳು. ಮೇಸ್ತ್ರಿಯ ಮುಖದ ನಗು ಇಳಿಯಿತು. "ನನ್ನ ಕೈ ನನ್ನ ಎಂಜಿನ್ನಿನ ಎಣ್ಣೆಯಲ್ಲೇ ಇದೆ," ಎಂದಷ್ಟೇ ಹೇಳಿ ಶೆಡ್ಡಿಗೆ ಹೊರಟುಹೋದ.

ಅವಳು ಮೆಲ್ಲಗೆ, ಅಂದರೆ ಆ ಗದ್ದಲದಲ್ಲಿ ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು, ಕೇಳಿದಳು: "ಅಣ್ಣಾ, ವಾಲ್ವು ಮುಟ್ಟಿಲ್ಲ ತಾನೇ?"

"ಇಲ್ಲ ಮೇಡಂ."

"ನಾನೊಂದ್ಸಲ ತಿರುಗಿಸಿ ನೋಡ್ಲಾ?"

ಅವನಿಗೆ ಚುರ್ರೆಂದಿತು. "ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನ ತಪ್ಪು ಲೆಕ್ಕ ಹೇಳಿದೋನಲ್ಲ ನಾನು. ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ."

ಚಕ್ರದ ಕಡೆಗೆ ಚಾಚಿದ್ದ ಕೈಯನ್ನು ಅವಳು ನಾಚಿಕೊಂಡು ಹಿಂದಕ್ಕೆಳೆದಳು. "ಕ್ಷಮಿಸಿ ಅಣ್ಣಾ. ಹಾಗಾದ್ರೆ ಕೀರಲು ವಾಲ್ವಿನದಲ್ಲ. ನಾನೇ ತಪ್ಪು ತಿಳ್ಕೊಂಡಿದ್ದೆ. ಪಂಪಿನ ಒಳಗೇ ಸವೆದುಹೋಗಿರ್ಬೇಕು. ನಾಳೆ ಸಾಹೇಬ್ರಿಗೆ ಹಾಗೇ ಬರ್ದುಕೊಡ್ತೀನಿ. ಇದು ಆಗಲ್ಲ."

ಆ ರಾತ್ರಿ ಅವನು ಉಣ್ಣಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮೋಟಾರು ಶುರುಮಾಡಿ, ಎಂಟರ ಹೊತ್ತಿಗೆ ಟೀ ಕುಡಿಯಲು ಮನೆಗೆ ಬಂದ. ಲೋಟ ಮುಂದಿಟ್ಟು ಹೆಂಡತಿ ಕೂಗಿದಳು: "ಅಲ್ಲಾರೀ, ಹೊಸ ಪೆಟ್ಟಿಗೆ ಬಂದಿದೆ, ಇನ್ನು ಗುಂಡಿ ಒತ್ತೋದಷ್ಟೇ ಕೆಲಸ ಅಂದಿದ್ರಲ್ಲ! ಮತ್ತೆ ಯಾಕೆ ದಿನಾ ಅದೇ ಹನ್ನೊಂದೂವರೆ?"

"ಏನು?"

"ಹನ್ನೊಂದೂವರೆ! ಇವತ್ತೂ ಕೂಗಿದ್ರಲ್ಲ! ನಿನ್ನೇನೂ ಕೂಗಿದ್ರಿ, ಮೊನ್ನೇನೂ ಕೂಗಿದ್ರಿ! ಹಾಲು ಒಲೆ ಮೇಲಿಡೋದೇ ನಾನು ಅದನ್ನ ಕೇಳಿ!"

"ನಾನು ಕೂಗಿದ್ನಾ?"

"ಇಲ್ಲ, ನಮ್ಮಪ್ಪ ಬಂದು ಕೂಗಿದ್ರು!"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವನು ಲೋಟ ಕೆಳಗಿಟ್ಟು ಎರಡೂ ಅಂಗೈ ತೆರೆದು ನೋಡಿಕೊಂಡ. ಬೆರಳುಗಳ ಬುಡದಲ್ಲಿ, ಚಕ್ರ ಒತ್ತುವ ಜಾಗದಲ್ಲೇ, ಕಂದು ಬಣ್ಣದ ಹಸಿ ತುಕ್ಕು ಅಂಟಿಕೊಂಡಿತ್ತು.

ಒಂದೊಂದಾಗಿ ನೆನಪಿಸಿಕೊಳ್ಳಲು ನೋಡಿದ. ಬೀಗ ತೆಗೆದದ್ದು ನೆನಪಿತ್ತು. ಹಸಿರು ಗುಂಡಿ ನೆನಪಿತ್ತು. ನಡುವೆಯೂ ಆಮೇಲೆಯೂ ಏನೂ ಇರಲಿಲ್ಲ. ಅಲ್ಲಿ ಒಂದು ಖಾಲಿ ಜಾಗವಿತ್ತು, ಆ ಜಾಗದಲ್ಲಿ ಅವನ ಕೈಗಳು ಅವನನ್ನು ಕೇಳದೆ ವಾಲ್ವು ಮುಚ್ಚಿದ್ದವು, ಗುಂಡಿ ಒತ್ತಿದ ಮೇಲೆ ಹನ್ನೊಂದೂವರೆ ಸುತ್ತು ತೆರೆದಿದ್ದವು. ಬಾಯಿ ಕೂಗಿತ್ತು. ಕಿವಿ ಮಾತ್ರ ಕೇಳಿಸಿಕೊಂಡಿರಲಿಲ್ಲ. ಬಾಯಲ್ಲಿ ಹೇಳದಿದ್ದರೆ ಕೈ ಮರೆಯುತ್ತದೆ ಎಂದಿದ್ದ ಹಿರಿಯ. ಕೈ ಮರೆಯುವುದಿಲ್ಲ, ಮರೆಯುವುದು ಮನುಷ್ಯ ಎಂದು ಅವನಿಗೂ ಗೊತ್ತಿರಲಿಲ್ಲವೇನೋ.

ಟೀ ಬಿಟ್ಟು ಎದ್ದು ಹೋದ. ಪಂಪ್‌ಹೌಸಿನಲ್ಲಿ ಯಾರೂ ಇರಲಿಲ್ಲ. ಇಂಜಿನಿಯರಮ್ಮ ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಚಕ್ರದ ಮೇಲೆ ಕೈಯಿಟ್ಟ. ಈಗ ಸದ್ದಿಲ್ಲದೆ ತೆರೆದುಬಿಟ್ಟರೆ ಮುಗಿಯಿತು. ಹೊರಗಿಂದ ನೋಡಿದವರಿಗೆ ಏನು ತಿಳಿಯುತ್ತದೆ? ಚಕ್ರ ಎಲ್ಲಿ ನಿಂತರೂ ಒಂದೇ ಥರ. ಮೋಟಾರು ಉಳಿಯುತ್ತದೆ, ತನ್ನ ಇಪ್ಪತ್ತೊಂಬತ್ತು ವರ್ಷದ ಮಾತೂ ಉಳಿಯುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಆದರೆ ಎರಡು ದಿನ ಕೆಟ್ಟದ್ದು ಮೂರನೆಯ ದಿನ ತಾನಾಗಿ ಹೇಗೆ ಸರಿಹೋಯಿತು ಎಂದು ಅವಳು ಕೇಳದೆ ಬಿಡುವವಳಲ್ಲ. ಕೇಳಿದಾಗ ಅವಳ ಕಣ್ಣು ಹೋಗುವುದು ಶೆಡ್ಡಿನ ಕಡೆಗೆ. ಆ ದಾರಿ ತೋರಿಸಿದವನು ತಾನೇ.

ಕೈ ತೆಗೆದು, ಮೋಟಾರಿನ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಕೂತ. ಮೋಟಾರಿನ ಮೈ ಕಾದಿತ್ತು. ಅದು ತನ್ನಿಡೀ ಬಲದಿಂದ ತಳ್ಳುತ್ತಿತ್ತು, ಎರಡು ಮೊಳ ಆಚೆ ಅವನು ಮುಚ್ಚಿದ ಬಾಗಿಲಿಗೆ ಹೋಗಿ ಬಡಿಯುತ್ತಿತ್ತು. ಆ ಮುಕ್ಕಾಲು ಗಂಟೆ ಅವನು ಆ ಕೀರಲನ್ನು ಮೊದಲ ಸಲ ಎಂಬಂತೆ ಕೇಳಿದ.

ಇಂಜಿನಿಯರಮ್ಮ ಒಳಗೆ ಬಂದದ್ದೇ ಎದ್ದುನಿಂತ. "ಮೇಸ್ತ್ರೀನೂ ಕರೀರಿ ಮೇಡಂ," ಎಂದ. ಮೇಸ್ತ್ರಿ ಬಂದು, ಮುಖ ಬಿಗಿದುಕೊಂಡು ಬಾಗಿಲಲ್ಲೇ ನಿಂತ.

"ವಾಲ್ವು ತೆರೆದಿಲ್ಲ," ಎಂದ ಹನ್ನೊಂದೂವರೆ. "ಮೂರು ದಿನದಿಂದಾನೂ. ದಿನಾ ಬೆಳಿಗ್ಗೆ ನಾನೇ ಮುಚ್ಚಿ, ಹನ್ನೊಂದೂವರೆ ಮಾತ್ರ ತೆರೀತಿದೀನಿ. ನನಗೇ ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತಾಯ್ತು." ಅಂಗೈಗಳನ್ನು ಮುಂದೆ ಚಾಚಿ ತೋರಿಸಿದ. "ನಿನ್ನೆ ನೀವು ನೋಡ್ತೀನಂದಾಗ ಬಿಡಲಿಲ್ಲ. ಇವನ ಮೇಲೆ ಬೇರೆ ಹಾಕಿದೆ."

ಅವಳು ಅವನ ಅಂಗೈಯನ್ನೇ ನೋಡುತ್ತಿದ್ದಳು. ಕೊನೆಗೆ ಮೇಸ್ತ್ರಿ ಕೆಮ್ಮಿದ. "ಮೇಡಂ, ಇವನ ಮದುವೇಲೂ ಹೀಗೇ ಆಗಿತ್ತು. ಉಂಗುರ ಹಾಕೋಕೆ ಹುಡುಗಿ ಕೈ ಕೊಟ್ರೆ, ಇವನು ಹಿಡ್ಕೊಂಡು ತಿರುಗಿಸೋಕೆ ಹೋಗಿದ್ದ."

ಅವಳು ಫಕ್ಕನೆ ನಕ್ಕುಬಿಟ್ಟಳು. ನಕ್ಕು, ಕಣ್ಣೊರೆಸಿಕೊಂಡು, "ಸರಿ ಅಣ್ಣಾ, ನೀವೇ ತೆರೀರಿ. ಲೆಕ್ಕ ಕೂಗಿ ಹೇಳಿ. ಈ ಸಲ ನಾನೂ ಕೇಳಿಸ್ಕೊಳ್ತೀನಿ," ಎಂದಳು.

ಅವನು ಚಕ್ರ ಹಿಡಿದ. ಹನ್ನೊಂದೂವರೆಯಿಂದ ಮುಂದಿನ ಅರ್ಧ ಸುತ್ತು ಬಂತು. ಈಗ ಹೇಳಬೇಕಾದದ್ದು ಹನ್ನೆರಡು. ನಾಲಿಗೆ ತಡವರಿಸಿತು. ಈ ಚಕ್ರದ ಎದುರು ನಿಂತು ಆ ಅಂಕಿಯನ್ನು ಅವನು ಒಮ್ಮೆಯೂ ಉಚ್ಚರಿಸಿರಲಿಲ್ಲ. ಅದರಾಚೆ ಏನಿದೆ ಎಂದು ನೋಡಿರಲೂ ಇಲ್ಲ.

"ಹನ್ನೆರಡು!" ಎಂದ, ಎಂದಿನ ದನಿಯಲ್ಲಿ.

ಹದಿಮೂರಕ್ಕೆ ಕೀರಲಿನ ಅಂಚು ಸ್ವಲ್ಪ ಮೊಂಡಾಯಿತು. ಹದಿನಾಲ್ಕಕ್ಕೆ ಪರದೆಯ ಅಂಕಿ ನಲವತ್ತೊಂಬತ್ತರಿಂದ ಕದಲಿ ನಲವತ್ತೇಳಾಯಿತು. "ಇಳೀತಿದೆ," ಎಂದಳು ಅವಳು. ಯಾರೂ ಗುಂಡಿ ಮುಟ್ಟಿರಲಿಲ್ಲ. ದಾರಿ ಬಿಟ್ಟಷ್ಟೂ ಮೋಟಾರು ತಾನಾಗಿ ನಿಧಾನವಾಗುತ್ತಿತ್ತು. ಹದಿನೈದು, ಹದಿನಾರು. ಸದ್ದು ಬೀದಿಯಿಂದ ಒಳಗೆ ಬಂತು, ಕೋಣೆಯಿಂದ ಕೊಳವೆಯೊಳಗೆ ಇಳಿಯಿತು. ಹದಿನೇಳು ಎನ್ನುವಾಗ ಅವನ ದನಿ ಅವನಿಗೇ ತೀರ ದೊಡ್ಡದಾಗಿ ಕೇಳಿ, ಬೆಚ್ಚಿ, ತಗ್ಗಿಸಿದ. ಹತ್ತೊಂಬತ್ತನ್ನು ಮಾತಾಡುವ ದನಿಯಲ್ಲಿ ಹೇಳಿದ. ಇಪ್ಪತ್ತೊಂದಕ್ಕೆ ಅದೂ ಹೆಚ್ಚೆನಿಸಿತು. ಇಪ್ಪತ್ನಾಲ್ಕನ್ನು ಅವನು ಪಿಸುಗುಟ್ಟಿದ, ಆದರೂ ಬಾಗಿಲಲ್ಲಿದ್ದ ಮೇಸ್ತ್ರಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

ವೇಗ ಮೂವತ್ತೆಂಟು. ಕರೆಂಟು ಹದಿನಾರು. ನೀರಿನ ಮೀಟರಿನ ಮುಳ್ಳು ಮೊದಲಿದ್ದಲ್ಲೇ ಇತ್ತು.

"ಅಷ್ಟೇ ನೀರು," ಎಂದಳು ಇಂಜಿನಿಯರಮ್ಮ. ಇಷ್ಟು ಆಗುತ್ತದೆಂದು ಕಾಗದದ ಮೇಲೆ ಲೆಕ್ಕ ಹಾಕಿದ್ದವಳು ಅವಳೇ. ಆದರೂ ಮೂರೂ ಅಂಕಿಗಳನ್ನು ಇನ್ನೊಮ್ಮೆ ಓದಿದಳು. "ಅರ್ಧ ಕರೆಂಟು. ಅಷ್ಟೇ ನೀರು."

ಮೇಸ್ತ್ರಿ ಹೊರಗೆ ಹೋಗಿ ಚಾವಣಿಯ ಕಡೆ ನೋಡಿದ. ಸೋಲಾರ್ ಹಲಗೆಗಳು ಒಂಬತ್ತೂವರೆಯ ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು. ಆ ಬಿಸಿಲು ಸದ್ದಿಲ್ಲದೆ ತಂತಿಗಿಳಿದು, ಸದ್ದಿಲ್ಲದೆ ಪೆಟ್ಟಿಗೆಯೊಳಗೆ ಹೋಗಿ, ಬೇಕಾದಷ್ಟೇ ವೇಗವಾಗಿ ಹೊರಬಂದು, ಊರಿಗೆ ಊರೇ ಕುಡಿಯುವ ನೀರನ್ನು ತಳ್ಳುತ್ತಿತ್ತು. ಅವನು ತನ್ನ ಶೆಡ್ಡನ್ನೊಮ್ಮೆ ನೋಡಿದ. "ನನ್ನ ಎಂಜಿನ್ನಿಗೆ ನಿವೃತ್ತಿ ಕಣಪ್ಪ," ಎಂದ. ಸಿಟ್ಟಿರಲಿಲ್ಲ. ಎಂದೂ ತಮಾಷೆ ಬಿಟ್ಟು ಮಾತಾಡದವನು ಹಾಗೆ ಹೇಳಿ ಮತ್ತೆ ಒಳಗೆ ಬಂದು, ಗೆಳೆಯನ ಪಕ್ಕದಲ್ಲಿ ನಿಂತು, ತಾನೂ ಕೇಳತೊಡಗಿದ.

ಕೇಳಲು ಏನೋ ಇತ್ತು. ಕೀರಲು ಹೋದ ಜಾಗದಲ್ಲಿ ಇನ್ನೊಂದು ಸದ್ದಿತ್ತು. ಹನ್ನೊಂದೂವರೆ ಕೊಳವೆಯ ಮೇಲೆ ಕಿವಿಯಿಟ್ಟ. ಸ್ಕ್ರೂಡ್ರೈವರು ಬೇಕಾಗಲಿಲ್ಲ. ತಣ್ಣನೆಯ ಕಬ್ಬಿಣದೊಳಗೆ ನೀರು ನಡೆಯುತ್ತಿತ್ತು. ಯಾವ ಅವಸರವೂ ಇಲ್ಲದೆ, ತುಂಬಿದ ಮನೆಯಲ್ಲಿ ಒಬ್ಬರು ಬರಿಗಾಲಲ್ಲಿ ಓಡಾಡಿದ ಹಾಗೆ. ಇದು ಮೊದಲ ದಿನದಿಂದಲೂ ಇಲ್ಲಿಯೇ ಇತ್ತು ಎಂದು ಅವನಿಗೆ ಹೊಳೆಯಿತು.

ಅಷ್ಟರಲ್ಲಿ ಹೆಂಡತಿ ಮತ್ತೆ ಬಿಸಿಮಾಡಿದ ಟೀಯ ಲೋಟ ಹಿಡಿದುಕೊಂಡೇ ಓಡಿಬಂದಳು. "ನಿಂತೋಯ್ತೇನ್ರೀ? ಮೋಟಾರು ನಿಂತೇಹೋಯ್ತಾ?" ಎಂದು ಬಾಗಿಲಿನಿಂದಲೇ ಕೂಗಿದಳು. ಕೂಗು ನಾಲ್ಕು ಗೋಡೆಗೂ ಬಡಿದು ಹಿಂದಿರುಗಿ ಅವಳ ಮೇಲೇ ಬಿತ್ತು. ಅವಳು ಗಾಬರಿಯಾಗಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಂತಿಲ್ಲ," ಎಂದ ಅವನು ಮೆಲ್ಲಗೆ. ಅವಳ ಕೈ ಹಿಡಿದು ಮೋಟಾರಿನ ಮೇಲಿಡಿಸಿದ. ಅದರ ಸಣ್ಣ ಅದುರು ಅವಳ ಬೆರಳಿಗೆ ತಾಗಿತು. ಅವಳು ಕೈ ತೆಗೆಯದೆ ನಿಂತಳು. ಮೋಟಾರನ್ನು ನೋಡಿದಳು, ಆಮೇಲೆ ಅವನನ್ನು.

"ಟೀ ಆರಿಹೋಗ್ತಿದೆ," ಎಂದಳು.

ಆ ದನಿಯನ್ನು ಅವನು ಕೇಳಿ ಎಷ್ಟು ವರ್ಷವಾಗಿತ್ತೋ. ಅದು ಸ್ವಲ್ಪ ಒಡಕಾಗಿತ್ತು, ಅವನು ದಿನಾ ಕೇಳುತ್ತಿದ್ದ ಕೂಗಿಗಿಂತ ತೆಳ್ಳಗಿತ್ತು. ಒಂದಕ್ಷರ ಬಿಡದೆ ಕೇಳಿಸಿತ್ತು.

"ಏನಂದೆ?" ಎಂದ, ಇನ್ನೊಮ್ಮೆ ಹೇಳಲಿ ಎಂದು.